ಟೇಪು ಕತ್ತರಿಸಿದ ಮೇಲೆ ನಲ್ಲಿ ಯಾರದ್ದು?

ನಮ್ಮೂರ ಬಸ್ ನಿಲ್ದಾಣದ ಪಕ್ಕದಲ್ಲಿ ಒಂದು ಶುದ್ಧ ಕುಡಿಯುವ ನೀರಿನ ಘಟಕವಿದೆ. ನಾನು ಎಸ್ಸೆಸ್ಸೆಲ್ಸಿ ಓದುವಾಗ ಅದರ ಉದ್ಘಾಟನೆ ಆಯಿತು. ಶಾಮಿಯಾನ, ಹಾರ, ಭಾಷಣ, ಕೊನೆಗೆ ಎಲ್ಲರಿಗೂ ಕೇಸರಿಬಾತ್. ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ನೀರು. ನಮ್ಮದು ಬಯಲುಸೀಮೆ, ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅಜ್ಜಿಗೆ ಮಂಡಿ ಮಡಚಲು ಬರುವುದಿಲ್ಲ. ನನ್ನ ಓರಗೆಯ ಎಷ್ಟೋ ಹುಡುಗರ ಹಲ್ಲಿನ ಮೇಲೆ ಕಂದು ಗೆರೆಗಳಿವೆ. ಹಾಗಾಗಿ ಆ ದಿನ ಊರಿಗೆ ಊರೇ ನಿಜವಾಗಿ ಖುಷಿಪಟ್ಟಿತ್ತು.

ಡಿಗ್ರಿ ಮುಗಿಸಿ ಊರಿಗೆ ಮರಳಿದಾಗ ಘಟಕಕ್ಕೆ ಬೀಗ ಬಿದ್ದಿತ್ತು. ನಿರ್ವಹಣೆಗೆಂದು ಐದು ವರ್ಷ ಗುತ್ತಿಗೆ ಪಡೆದಿದ್ದ ಏಜೆನ್ಸಿಯ ಅವಧಿ ಮುಗಿದಿತ್ತು. ಅದರ ಬೆನ್ನಿಗೇ ನೀರು ಸೋಸುವ ಮೆಂಬ್ರೇನ್ ಕಟ್ಟಿಕೊಂಡಿತು. ಕಟ್ಟಡ ಗಟ್ಟಿಯಾಗಿದೆ, ಟ್ಯಾಂಕ್ ಗಟ್ಟಿಯಾಗಿದೆ, ಅಡಿಗಲ್ಲಿನ ಮೇಲಿನ ಹೆಸರುಗಳೂ ಅಳಿಸಿಲ್ಲ. ನೀರು ಮಾತ್ರ ಇಲ್ಲ. ಈಗ ಅಪ್ಪ ದಿನ ಬಿಟ್ಟು ದಿನ ಮೊಪೆಡ್‌ಗೆ ಎರಡು ಕ್ಯಾನ್ ಕಟ್ಟಿಕೊಂಡು ನಾಲ್ಕು ಕಿಲೋಮೀಟರ್ ಆಚೆಯ ಊರಿಂದ ನೀರು ತರುತ್ತಾರೆ. ಮೊಪೆಡ್ ಇಲ್ಲದವರು ಮತ್ತೆ ಹಳೇ ಬೋರ್‌ವೆಲ್ ನೀರನ್ನೇ ಕುಡಿಯುತ್ತಿದ್ದಾರೆ.

ನಾನೀಗ ಪಿಡಿಒ ಹುದ್ದೆಯ ಪರೀಕ್ಷೆಗೆ ಓದುತ್ತಿದ್ದೇನೆ. ನಿಮ್ಮಲ್ಲಿ ಹಲವರ ಮೇಜಿನ ಮೇಲೂ ಅದೇ ನೋಟ್ಸ್ ಇರಬಹುದು. ಯೋಜನೆಯ ಹೆಸರು, ಆರಂಭವಾದ ವರ್ಷ, ಅನುದಾನ, ಗುರಿ ಎಂದು ನಾಲ್ಕು ಕಾಲಂ ಮಾಡಿ ಬಾಯಿಪಾಠ ಮಾಡುತ್ತೇವೆ. ಒಂದು ರಾತ್ರಿ ಓದುತ್ತಾ ಕುಳಿತಾಗ ಹೊಳೆಯಿತು: ಇದರಲ್ಲಿ ಐದನೇ ಕಾಲಂ ಇಲ್ಲ. ಅದು ಕೆಟ್ಟಾಗ ಯಾರು ರಿಪೇರಿ ಮಾಡುತ್ತಾರೆ, ಯಾವ ದುಡ್ಡಿನಲ್ಲಿ, ಎಷ್ಟು ದಿನದಲ್ಲಿ? ಗ್ರಾಮೀಣ ಮೂಲಸೌಕರ್ಯ ಬಾಳಿಕೆ ಬರುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಈ ಐದನೇ ಕಾಲಮ್ಮೇ ಎಂದು ನನಗೆ ಈಗ ಅನ್ನಿಸುತ್ತಿದೆ.

ಲೆಕ್ಕ ನಿಲ್ಲುವ ಜಾಗ

ನಮಗೆಲ್ಲ ಗೊತ್ತಿರುವ ಯೋಜನೆಯಿಂದಲೇ ಶುರು ಮಾಡೋಣ. ಜಲ ಜೀವನ ಮಿಷನ್ ಘೋಷಣೆಯಾದದ್ದು 2019ರ ಆಗಸ್ಟ್ 15ರಂದು. ಕರ್ನಾಟಕದಲ್ಲಿ ಇದಕ್ಕೆ 'ಮನೆ ಮನೆಗೆ ಗಂಗೆ' ಎಂಬ ಹೆಸರು. ಪ್ರತಿ ಗ್ರಾಮೀಣ ಮನೆಗೆ ನಲ್ಲಿ, ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಕೊಡಬೇಕೆಂಬುದು ಗುರಿ. ಆಗ ದೇಶದ ಹಳ್ಳಿಗಳಲ್ಲಿ ನಲ್ಲಿ ಸಂಪರ್ಕ ಇದ್ದದ್ದು 3.23 ಕೋಟಿ ಮನೆಗಳಿಗೆ, ಅಂದರೆ ನೂರಕ್ಕೆ ಸುಮಾರು ಹದಿನೇಳು ಮನೆಗೆ. 2025ರ ಕೇಂದ್ರ ಬಜೆಟ್ ಹೊತ್ತಿಗೆ ಅದು 15 ಕೋಟಿ ದಾಟಿ ಶೇ 80ರ ಆಸುಪಾಸಿಗೆ ಬಂದಿತ್ತು. ಐದಾರು ವರ್ಷದಲ್ಲಿ ಇಷ್ಟು ಪೈಪ್ ಹಾಕಿದ್ದು ಸಣ್ಣ ಕೆಲಸವಲ್ಲ. ಅದನ್ನು ಒಪ್ಪಿಕೊಳ್ಳದೆ ಟೀಕೆ ಮಾಡುವುದು ತಪ್ಪಾಗುತ್ತದೆ.

ಆದರೆ ಸಂಪರ್ಕ ಕೊಟ್ಟದ್ದು ಒಂದು ಲೆಕ್ಕ, ನೀರು ಬರುವುದು ಇನ್ನೊಂದು ಲೆಕ್ಕ. 2022ರಲ್ಲಿ ಕೇಂದ್ರ ಸರ್ಕಾರವೇ ಮಾದರಿ ಸಮೀಕ್ಷೆ ಮಾಡಿಸಿತು. ಸಂಪರ್ಕ ಇದ್ದ ಮನೆಗಳಲ್ಲಿ ಶೇ 86ರಷ್ಟು ಮನೆಗಳ ನಲ್ಲಿಯಲ್ಲಿ ನೀರು ಬರುತ್ತಿತ್ತು. ಹಾಗೆ ಬರುತ್ತಿದ್ದ ಮನೆಗಳಲ್ಲೂ ಹೇಳಿದ ವೇಳೆಗೆ ಸರಿಯಾಗಿ ಬರುತ್ತಿದ್ದದ್ದು ಶೇ 80ರಷ್ಟಕ್ಕೆ. ಯೋಜನೆ ಇನ್ನೂ ಹೊಸದಾಗಿದ್ದಾಗಲೇ ಈ ಸ್ಥಿತಿ. 2024ಕ್ಕೆ ಮುಗಿಯಬೇಕಿದ್ದ ಯೋಜನೆಯನ್ನು 2025ರ ಬಜೆಟ್‌ನಲ್ಲಿ 2028ರವರೆಗೆ ವಿಸ್ತರಿಸಲಾಯಿತು. ಇನ್ನು ಮುಂದೆ ಕಾಮಗಾರಿಯ ಗುಣಮಟ್ಟ ಮತ್ತು ನಿರ್ವಹಣೆಗೆ ಒತ್ತು ಎಂದೂ ಹೇಳಲಾಯಿತು. ಅಂದರೆ ಪೈಪ್ ಹಾಕುವ ಹಂತ ಮುಗಿಯುತ್ತ ಬಂದು, ಪೈಪ್ ಉಳಿಸಿಕೊಳ್ಳುವ ಹಂತ ಶುರುವಾಗುತ್ತಿದೆ. ಕಷ್ಟದ ಹಂತ ಇದೇ. ಏಕೆಂದರೆ ಇದಕ್ಕೆ ಶಾಮಿಯಾನ ಹಾಕುವವರು ಯಾರೂ ಇಲ್ಲ.

ಆಫ್ರಿಕಾದ ತಿರುಗುವ ಚಕ್ರ

ಇದು ನಮ್ಮ ದೇಶದ್ದೊಂದೇ ಕಾಯಿಲೆ ಅಲ್ಲ. ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾದ ದೇಶಗಳಲ್ಲಿ ಹಳ್ಳಿಗರಿಗೆ ಕೈಪಂಪೇ ಆಧಾರ. ಸುಮಾರು 20 ದೇಶಗಳ ಅಂಕಿಗಳನ್ನು ಕಲೆಹಾಕಿ 2009ರಲ್ಲಿ ಗ್ರಾಮೀಣ ನೀರು ಪೂರೈಕೆ ಕ್ಷೇತ್ರದ ಅಂತರರಾಷ್ಟ್ರೀಯ ಜಾಲವೊಂದು ಕೊಟ್ಟ ಅಂದಾಜಿನ ಪ್ರಕಾರ, ಯಾವುದೇ ಹೊತ್ತಿನಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕೈಪಂಪುಗಳು ಕೆಟ್ಟು ನಿಂತಿರುತ್ತಿದ್ದವು. ದಾನಿಗಳ ವರದಿಯಲ್ಲಿ ಮಾತ್ರ ಅವೆಲ್ಲ 'ಪೂರ್ಣಗೊಂಡ ಕಾಮಗಾರಿ'ಗಳು.

ಇದಕ್ಕೊಂದು ಉಪಾಯವೆಂದು ಬಂದದ್ದು 'ಪ್ಲೇಪಂಪ್'. ಮಕ್ಕಳು ಆಡುವ ತಿರುಗುವ ಚಕ್ರವನ್ನು ಬೋರ್‌ವೆಲ್‌ಗೆ ಜೋಡಿಸುವುದು. ಮಕ್ಕಳು ಆಡಿದಂತೆ ನೀರು ಮೇಲಿನ ಟ್ಯಾಂಕಿಗೆ ಏರುತ್ತದೆ. ಟ್ಯಾಂಕಿನ ಮೇಲೆ ಜಾಹೀರಾತು ಹಾಕಿ, ಅದರ ಆದಾಯದಲ್ಲಿ ನಿರ್ವಹಣೆ. ಕೇಳಲು ಎಷ್ಟು ಚೆಂದ! 2000ನೇ ಇಸವಿಯಲ್ಲಿ ವಿಶ್ವಬ್ಯಾಂಕ್ ಇದಕ್ಕೆ ಪ್ರಶಸ್ತಿ ಕೊಟ್ಟಿತು. 2006ರಲ್ಲಿ ಬಿಲ್ ಕ್ಲಿಂಟನ್ ಅವರ ವೇದಿಕೆಯಲ್ಲಿ, ಅಂದಿನ ಅಮೆರಿಕ ಅಧ್ಯಕ್ಷರ ಪತ್ನಿ ಲಾರಾ ಬುಷ್ ಸಮ್ಮುಖದಲ್ಲಿ, 1.64 ಕೋಟಿ ಡಾಲರ್ ನೆರವು ಘೋಷಣೆಯಾಯಿತು. 2010ರೊಳಗೆ 4,000 ಪಂಪು ಹಾಕುವ ಗುರಿ ಇತ್ತು.

ಹಳ್ಳಿಯಲ್ಲಿ ಆದದ್ದೇ ಬೇರೆ. ಮಕ್ಕಳು ಶಾಲೆಗೆ ಹೋದಾಗ, ಸುಸ್ತಾದಾಗ ಚಕ್ರ ತಿರುಗುವುದಿಲ್ಲ. ನೀರು ಬೇಕಾದ ಹೆಂಗಸರೇ, ವಯಸ್ಸಾದವರೇ ಬಗ್ಗಿ ಅದನ್ನು ತಳ್ಳಬೇಕಾಯಿತು. ಹೇಳಿಕೊಂಡಷ್ಟು ಜನರಿಗೆ ನೀರು ಸಿಗಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕಾಗುತ್ತದೆ ಎಂದು ಬ್ರಿಟನ್ನಿನ 'ದಿ ಗಾರ್ಡಿಯನ್' ಪತ್ರಿಕೆ 2009ರಲ್ಲಿ ಲೆಕ್ಕ ಹಾಕಿ ತೋರಿಸಿತು. ಒಂದರ ಖರ್ಚು ಮಾಮೂಲಿ ಕೈಪಂಪಿನ ಸುಮಾರು ನಾಲ್ಕು ಪಟ್ಟು. ಕೆಟ್ಟರೆ ಊರಿನ ಮೆಕ್ಯಾನಿಕ್ ಮುಟ್ಟುವಂತಿಲ್ಲ, ದೂರದ ಕಂಪನಿಗೆ ಸುದ್ದಿ ಮುಟ್ಟಿಸಿ ಕಾಯಬೇಕು. ಎಷ್ಟೋ ಕಡೆ ಚೆನ್ನಾಗಿ ನಡೆಯುತ್ತಿದ್ದ ಹಳೇ ಕೈಪಂಪು ಕಿತ್ತು ಇದನ್ನು ಹಾಕಿದ್ದರಿಂದ ಇದ್ದದ್ದೂ ಹೋಯಿತು. ಒಂದು ದಶಕ ಕಳೆಯುವಷ್ಟರಲ್ಲಿ ಆ ಅಮೆರಿಕದ ಸಂಸ್ಥೆ ಬಾಗಿಲು ಹಾಕಿ, ಉಳಿದ ಸಾಮಾನನ್ನು ಇನ್ನೊಂದು ಸಂಸ್ಥೆಗೆ ಒಪ್ಪಿಸಿತು.

ಇಲ್ಲಿ ಯಾರೂ ಕೆಟ್ಟ ಉದ್ದೇಶದವರಲ್ಲ. ಆದರೆ ದಿನವೂ ನೀರು ಹೊರುವ ಹೆಂಗಸನ್ನು ಮೊದಲೇ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಗಟ್ಟಿಯಾದರೆ ಸಾಲದು, ಬಿಚ್ಚಲು ಬರಬೇಕು

ಹಾಗಾದರೆ ಯಾವುದೂ ಬಾಳಿಕೆ ಬರುವುದೇ ಇಲ್ಲವೇ? ಬರುತ್ತದೆ. ಅದಕ್ಕೆ ನಮ್ಮ ಪಕ್ಕದಲ್ಲೇ ಒಂದು ಉದಾಹರಣೆ ಇದೆ. ನಮ್ಮೂರ ಶಾಲೆಯ ಹತ್ತಿರ ಇವತ್ತಿಗೂ ಇರುವ ಕೈಪಂಪು, ನಿಮ್ಮೂರಲ್ಲೂ ಇರಬಹುದು, ಹೆಚ್ಚಾಗಿ 'ಇಂಡಿಯಾ ಮಾರ್ಕ್ 2' ಮಾದರಿಯದ್ದು.

1960ರ ದಶಕದ ಬರಗಾಲದ ಹೊತ್ತಿಗೆ ಯುನಿಸೆಫ್ ನೆರವಿನಿಂದ ದೇಶದಲ್ಲಿ ಗಟ್ಟಿ ಬಂಡೆ ಕೊರೆದು ಬೋರ್‌ವೆಲ್ ಹಾಕುವ ಕೆಲಸ ಜೋರಾಯಿತು. ಆದರೆ ಅದರ ಮೇಲೆ ಕೂರಿಸಿದ ಎರಕದ ಕಬ್ಬಿಣದ ಪಂಪುಗಳು ಒಂದು ಮನೆಯವರು ಬಳಸಲಿಕ್ಕೆಂದು ಮಾಡಿದಂಥವು. ಇಡೀ ಊರು ಬೆಳಗಿಂದ ಸಂಜೆವರೆಗೆ ಜಗ್ಗಿದರೆ ತಡೆಯುತ್ತವೆಯೇ? ಬಹುಪಾಲು ಮುರಿದುಬಿದ್ದವು. ಆಗ ಸೊಲ್ಲಾಪುರದ ಕಡೆ ವರ್ಕ್‌ಶಾಪಿನಲ್ಲಿ ತಯಾರಾದ, ಹೆಚ್ಚು ತಾಳಿಕೆಯ ಉಕ್ಕಿನ ಪಂಪನ್ನು ಆಧಾರವಾಗಿ ಇಟ್ಟುಕೊಂಡು ಸರ್ಕಾರ, ಯುನಿಸೆಫ್ ಮತ್ತು ಮದ್ರಾಸಿನ ಒಂದು ಕಾರ್ಖಾನೆ ಸೇರಿ 1970ರ ದಶಕದಲ್ಲಿ ಮಾರ್ಕ್ 2 ರೂಪಿಸಿದವು. ಅದಕ್ಕೆ ಪೇಟೆಂಟ್ ಇಟ್ಟುಕೊಳ್ಳಲಿಲ್ಲ, ಯಾರು ಬೇಕಾದರೂ ಮಾಡಬಹುದಿತ್ತು. ಅಳತೆ ಎಲ್ಲೆಡೆ ಒಂದೇ, ಹಾಗಾಗಿ ಬಿಡಿಭಾಗ ಎಲ್ಲಿ ಕೊಂಡರೂ ಕೂರುತ್ತದೆ. ಮುಂದೆ ಅದೇ ಪಂಪು ಆಫ್ರಿಕಾಕ್ಕೂ ಹೋಯಿತು.

ಅದರಲ್ಲೂ ಒಂದು ಕೊರತೆ ಉಳಿದಿತ್ತು. ಬಾವಿಯೊಳಗಿನ ವಾಷರ್ ಸವೆದರೆ ಪೂರ್ತಿ ಪೈಪು ಮೇಲೆತ್ತಬೇಕು. ಅದಕ್ಕೆ ಜಿಲ್ಲೆಯಿಂದ ಲಾರಿ, ನಾಲ್ಕಾರು ಜನ ಬರಬೇಕು. ಆದ್ದರಿಂದ ಮುಂದೆ ಬಂದ ಮಾರ್ಕ್ 3ರಲ್ಲಿ ಪೈಪನ್ನು ಅಗಲ ಮಾಡಿದರು. ಪೈಪ್ ಎತ್ತದೆ ಒಳಗಿನ ಭಾಗವನ್ನಷ್ಟೇ ಎಳೆದು ವಾಷರ್ ಬದಲಿಸಬಹುದು. ಹಳ್ಳಿಯವರೇ ಕೆಲವು ಪಾನಾ ಹಿಡಿದು ಮಾಡುವ ಕೆಲಸ. ಗಟ್ಟಿಯಾಗಿದ್ದರೆ ಸಾಲದು, ಅಲ್ಲಿರುವವರ ಕೈಗೆ ಬಿಚ್ಚಲು ಬರಬೇಕು ಎಂಬುದೇ ಆ ಬದಲಾವಣೆಯ ಪಾಠ.

ಈ ಪಾಠವನ್ನು ನಮ್ಮೂರ ನೀರುಗಂಟಿ ಮಾವ ಇನ್ನೂ ಸರಳವಾಗಿ ಹೇಳಿದರು. "ಮೋಟ್ರು ಸುಟ್ರೆ ನಾನೇ ಎತ್ತಿಸಿ ತಾಲ್ಲೂಕಿಗೆ ಒಯ್ದು ವೈಂಡಿಂಗ್ ಮಾಡಿಸ್ತೀನಿ. ಪೈಪ್ ಒಡೆದ್ರೆ ಕಟ್ತೀನಿ. ಈ ಆರ್‌ಒ ಮಾತ್ರ ನಂಗೆ ಬರಲ್ಲ ಕಣಪ್ಪ. ಕಲಿಸ್ತೀವಿ ಅಂತ ಬಂದೋರೂ ಇಲ್ಲ." ಐದು ವರ್ಷ ಏಜೆನ್ಸಿಯ ಹುಡುಗ ಬಂದು ಹೋಗಿದ್ದಾನೆ. ಆ ಐದು ವರ್ಷದಲ್ಲಿ ಮಾವನಿಗೆ ಐದು ದಿನ ಕಲಿಸಿದ್ದರೆ ಸಾಕಾಗುತ್ತಿತ್ತು.

ರಿಪೇರಿಗೆ ಎಷ್ಟು ದಿನ?

ಯೋಜನೆಯನ್ನು ಅಳೆಯಲು 'ಎಷ್ಟು ಹಾಕಿದಿರಿ' ಎನ್ನುವ ಬದಲು 'ಕೆಟ್ಟರೆ ಎಷ್ಟು ದಿನಕ್ಕೆ ಸರಿಹೋಗುತ್ತದೆ' ಎಂದು ಕೇಳಿದರೆ ಏನಾಗುತ್ತದೆ? ಕೆನ್ಯಾದ ಒಣ ಪ್ರದೇಶವಾದ ಕಿಟುಯಿ ಭಾಗದಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಕೈಪಂಪಿನ ಹಿಡಿಯೊಳಗೆ ಒಂದು ಸಣ್ಣ ಸಾಧನ ಇಟ್ಟರು. ಹಿಡಿ ಎಷ್ಟು ಸಲ ಆಡಿತು ಎಂಬುದನ್ನು ಅದು ಮೊಬೈಲ್ ಸಂದೇಶದ ಮೂಲಕ ತಿಳಿಸುತ್ತದೆ. ಹಿಡಿ ಆಡದಿದ್ದರೆ ಪಂಪು ಕೆಟ್ಟಿದೆ ಎಂದು ಗೊತ್ತಾಗಿ ಮೆಕ್ಯಾನಿಕ್ ಹೊರಡುತ್ತಾನೆ. ಮೊದಲು ಒಂದು ರಿಪೇರಿಗೆ ಸರಾಸರಿ 27 ದಿನ ಹಿಡಿಯುತ್ತಿತ್ತು. ಅದು ಮೂರು ದಿನಕ್ಕಿಂತ ಕಡಿಮೆಗೆ ಇಳಿಯಿತು. ಆಮೇಲೆ ಅಲ್ಲಿ ರಿಪೇರಿಯನ್ನೇ ಕಸುಬಾಗಿ ಮಾಡಿಕೊಂಡ ಸ್ಥಳೀಯ ಸಂಸ್ಥೆ ಹುಟ್ಟಿಕೊಂಡಿತು. ಹಳ್ಳಿಗಳು ತಿಂಗಳಿಗೆ ಇಂತಿಷ್ಟು ಕಟ್ಟುತ್ತವೆ, ಪಂಪು ನಡೆಸುವ ಹೊಣೆ ಸಂಸ್ಥೆಯದು.

ಇದನ್ನು ಓದಿದಾಗ ಆ ಯಂತ್ರಕ್ಕಿಂತ ಹೆಚ್ಚಾಗಿ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಜನ ಕಟ್ಟುವ ಹಣದಿಂದಲೇ ಅಲ್ಲೂ ಪೂರ್ತಿ ಖರ್ಚು ಹೊರಡುವುದಿಲ್ಲ. ಕೊರತೆ ತುಂಬಲು ಪ್ರತ್ಯೇಕ ನಿಧಿಯೊಂದನ್ನು ಇಟ್ಟುಕೊಂಡಿದ್ದಾರೆ. ಅಂದರೆ 'ಎಲ್ಲ ಜನರೇ ನೋಡಿಕೊಳ್ಳಲಿ' ಎಂದು ಕೈತೊಳೆದುಕೊಳ್ಳುವಂತಿಲ್ಲ.

ದುಡ್ಡು ಯಾರು ಕೊಡಬೇಕು?

ನೀರು ಹಕ್ಕು, ಅದಕ್ಕೆ ದುಡ್ಡು ಕೇಳಬಾರದು ಎಂದು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ವಾದಿಸಿ ನಾನು ಬಹುಮಾನ ತೆಗೆದುಕೊಂಡವನು. ಈ ಲೇಖನಕ್ಕಾಗಿ ಪಂಚಾಯಿತಿಯಲ್ಲಿ ವಿಚಾರಿಸಲು ಹೋದಾಗ ಕರ ವಸೂಲಿಗಾರರು ರಿಜಿಸ್ಟರ್ ತೆರೆದು ತೋರಿಸಿದರು. ಊರಿನ ಅರ್ಧಕ್ಕಿಂತ ಹೆಚ್ಚು ಮನೆಗಳ ನೀರಿನ ಕಂದಾಯ ಬಾಕಿ. ನಮ್ಮ ಮನೆಯದು ಮೂರು ವರ್ಷದ್ದು. ತಿಂಗಳಿಗೆ ನೂರಾರು ರೂಪಾಯಿ ಮೊಬೈಲ್ ರೀಚಾರ್ಜ್ ಮಾಡಿಸುವ ಮನೆ ನಮ್ಮದು. ನನಗೆ ತಲೆ ಎತ್ತಲಾಗಲಿಲ್ಲ.

ಮನೆಗೆ ಬಂದು ಕೇಳಿದರೆ ಅಪ್ಪನ ಉತ್ತರ ನೇರವಾಗಿತ್ತು: "ನಾಲ್ಕು ದಿನಕ್ಕೊಂದು ಸಲ ಬರೋ ನೀರಿಗೆ ಯಾಕೆ ಕಟ್ಟಬೇಕು?" ಪಂಚಾಯಿತಿಯವರ ಉತ್ತರವೂ ಅಷ್ಟೇ ನೇರ: "ಕಟ್ಟದೆ ಮೋಟ್ರು ರಿಪೇರಿ ಯಾವುದರಲ್ಲಿ ಮಾಡಿಸೋಣ?" ಇಬ್ಬರದೂ ಸರಿಯೇ. ಈ ಸುತ್ತು ಎಲ್ಲಾದರೂ ಒಂದು ಕಡೆ ಮುರಿಯಬೇಕು. ಮೊದಲು ನೀರು ಸರಿಯಾಗಿ ಬರಲಿ, ಆಮೇಲೆ ವಸೂಲಿ ಬಿಗಿ ಮಾಡಲಿ ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಮೊದಲ ಹೆಜ್ಜೆ ಇಡುವ ಶಕ್ತಿ ಸರ್ಕಾರಕ್ಕಿದೆ, ಕೂಲಿ ಮಾಡುವ ಮನೆಗಿಲ್ಲ. ಹಣ ಇಲ್ಲವೇ ಇಲ್ಲ ಎನ್ನುವಂತೆಯೂ ಇಲ್ಲ. 2021ರಿಂದ 2026ರ ಅವಧಿಗೆ 15ನೇ ಹಣಕಾಸು ಆಯೋಗ ಪಂಚಾಯಿತಿಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು.

ನಮ್ಮ ಘಟಕದ ಲೆಕ್ಕವನ್ನೇ ನೋಡಿ. ಊರಲ್ಲಿ ಸುಮಾರು 300 ಮನೆ. ಅರ್ಧದಷ್ಟು ಮನೆಯವರು ದಿನಕ್ಕೊಂದು ಕ್ಯಾನ್ ತಂದರೂ ದಿನಕ್ಕೆ 750 ರೂಪಾಯಿ, ತಿಂಗಳಿಗೆ 22,500 ರೂಪಾಯಿ. ವಿದ್ಯುತ್, ನೋಡಿಕೊಳ್ಳುವವರ ಸಂಬಳ, ಫಿಲ್ಟರ್ ಖರ್ಚು ಎಲ್ಲ ಕಳೆದು ತಿಂಗಳಿಗೆ ಬರೀ 2,000 ರೂಪಾಯಿ ಬೇರೆ ಖಾತೆಗೆ ಹಾಕಿದ್ದರೂ ಐದು ವರ್ಷಕ್ಕೆ 1,20,000 ರೂಪಾಯಿ ಆಗುತ್ತಿತ್ತು. ಹೊಸ ಮೆಂಬ್ರೇನ್ ಹಾಕಲು ತಾಲ್ಲೂಕಿನ ಮೆಕ್ಯಾನಿಕ್ ಹೇಳಿದ ದರ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ದುಡ್ಡು ಹುಟ್ಟಿತ್ತು. ನಾಳೆಗೆಂದು ತೆಗೆದಿಡುವ ಡಬ್ಬಿ ಮಾತ್ರ ಇರಲಿಲ್ಲ. ನಮ್ಮ ಅಮ್ಮಂದಿರು ಸಾಸಿವೆ ಡಬ್ಬಿಯಲ್ಲಿ ಮಾಡುವ ಕೆಲಸವನ್ನು ಲಕ್ಷಾಂತರ ರೂಪಾಯಿಯ ಯೋಜನೆ ಮಾಡಿರಲಿಲ್ಲ.

ಒಡಿಶಾದಲ್ಲಿ 'ಗ್ರಾಮ ವಿಕಾಸ' ಸಂಸ್ಥೆ 1990ರ ದಶಕದಿಂದ ನಡೆಸಿಕೊಂಡು ಬಂದ ಕ್ರಮ ಇಲ್ಲಿ ನೆನಪಾಗುತ್ತದೆ. ಊರಿನ ಒಂದು ಮನೆಯನ್ನೂ ಬಿಡುವಂತಿಲ್ಲ, ಎಲ್ಲ ಜಾತಿಯ ಎಲ್ಲ ಮನೆಯವರೂ ಒಪ್ಪಿದರೆ ಮಾತ್ರ ಕೆಲಸ ಶುರು ಎಂಬುದು ಅವರ ಷರತ್ತು. ಪ್ರತಿ ಮನೆಯಿಂದ ಸರಾಸರಿ ಸಾವಿರ ರೂಪಾಯಿ ಸೇರಿಸಿ ಠೇವಣಿ ಇಡಬೇಕು. ಮುಂದೆ ಊರಲ್ಲಿ ಹೊಸ ಸಂಸಾರ ಹೂಡಿದವರಿಗೂ ಅದೇ ಸೌಲಭ್ಯ ಒದಗಿಸಲು ಅದರ ಬಡ್ಡಿ ಬಳಕೆಯಾಗುತ್ತದೆ. ಎಲ್ಲರನ್ನೂ ಒಪ್ಪಿಸಲು ಕೆಲವು ಊರುಗಳಲ್ಲಿ ಬಹಳ ಕಾಲ ಹಿಡಿಯುತ್ತದೆ. ಮಾರ್ಚ್ ತಿಂಗಳೊಳಗೆ ಅನುದಾನ ಮುಗಿಸಬೇಕಾದ ಇಲಾಖೆಗಳಿಗೆ ಅಷ್ಟು ತಾಳ್ಮೆ ಇರುವುದಿಲ್ಲ.

ಅಮ್ಮನ ಹೆಸರಿದ್ದ ಸಮಿತಿ

ಜಲ ಜೀವನ ಮಿಷನ್ ನಿಯಮಗಳಲ್ಲೂ ಇಂಥ ವ್ಯವಸ್ಥೆಗೆ ಜಾಗವಿದೆ. ಪ್ರತಿ ಊರಿಗೂ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಇರಬೇಕು, ಅದರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಊರೊಳಗಿನ ಕಾಮಗಾರಿಯ ವೆಚ್ಚದಲ್ಲಿ ಸಾಮಾನ್ಯವಾಗಿ ಶೇ 10 ಭಾಗವನ್ನು ಜನರೇ ಹಣವಾಗಿಯೋ ಶ್ರಮವಾಗಿಯೋ ಭರಿಸಬೇಕು. ನೀರಿನ ಗುಣಮಟ್ಟ ಪರೀಕ್ಷಿಸಲು ಊರಿನ ಐವರು ಮಹಿಳೆಯರಿಗೆ ಕಿಟ್ ಕೊಟ್ಟು ತರಬೇತಿ ನೀಡಬೇಕು.

ನಮ್ಮೂರ ಸಮಿತಿಯಲ್ಲಿ ಯಾರಿದ್ದಾರೆ ಎಂದು ಪಟ್ಟಿ ಕೇಳಿ ಪಡೆದೆ. ಆರನೇ ಹೆಸರು ನನ್ನ ಅಮ್ಮನದು. ಮನೆಗೆ ಬಂದು ಹೇಳಿದರೆ ಅಮ್ಮ ಅಕ್ಕಿ ಆರಿಸುತ್ತಾ ನಕ್ಕಳು. ಅವಳಿಗೇ ಗೊತ್ತಿರಲಿಲ್ಲ. ಯಾವುದೋ ಸಂಘದ ಸಭೆಯಲ್ಲಿ ಯಾರೋ ಸಹಿ ಹಾಕಿಸಿಕೊಂಡದ್ದು ಮಾತ್ರ ನೆನಪಿತ್ತು. ಕಾಗದದ ಮೇಲೆ ನಮ್ಮೂರಿನ ಸಮಿತಿ ಪರಿಪೂರ್ಣವಾಗಿದೆ. ಅರ್ಧ ಮಹಿಳೆಯರಿದ್ದಾರೆ, ಸಭೆಗಳೂ ನಡೆದಿವೆ.

ಇಂಥ ಊರುಗಳು ಎಷ್ಟಿವೆಯೋ ಎಂದು ಲೆಕ್ಕ ಹಾಕುವುದಕ್ಕಿಂತ, ಇದು ನಮ್ಮ ವಯಸ್ಸಿನವರಿಗೆ ಬಿಟ್ಟ ಕೆಲಸ ಎಂದು ನನಗೆ ತೋರಿತು. ಊರಿಗೊಬ್ಬರಾದರೂ ಡಿಪ್ಲೊಮಾ, ಐಟಿಐ, ಡಿಗ್ರಿ ಮಾಡಿ ಕೆಲಸಕ್ಕಾಗಿ ಕಾಯುತ್ತಿರುವವರು ಇದ್ದೇವೆ. ಪಂಪು, ಪೈಪು, ಫಿಲ್ಟರ್ ನೋಡಿಕೊಳ್ಳುವುದು ಮುಂದಿನ ಇಪ್ಪತ್ತು ವರ್ಷ ಊರಿಗೆ ಬೇಕಾದ ಕೆಲಸ. ಸ್ಥಳೀಯರಿಗೆ ಪ್ಲಂಬಿಂಗ್, ಮೋಟಾರು ರಿಪೇರಿ ಕಲಿಸುವ 'ನಲ್ ಜಲ್ ಮಿತ್ರ' ಎಂಬ ಕಾರ್ಯಕ್ರಮವೂ ಈ ಮಿಷನ್‌ನಡಿ ಇದೆ. ಆದರೆ ನೀರುಗಂಟಿ ಮಾವನಿಗೆ ಸಿಗುವ ಸಂಬಳ, ಅದು ಕೈಗೆ ಬರುವ ವಿಳಂಬ ನೋಡಿದರೆ ಯಾರು ಮುಂದೆ ಬರುತ್ತಾರೆ? ಯಂತ್ರಕ್ಕೆ ಲಕ್ಷಗಟ್ಟಲೆ ಇಟ್ಟು, ಅದನ್ನು ನಡೆಸುವ ಮನುಷ್ಯನಿಗೆ ಬಿಡಿಗಾಸು ಇಡುವ ಯೋಜನೆ ಎಷ್ಟು ದಿನ ಬಾಳೀತು? ಬಾಳಿಕೆ ಎಂದರೆ ಸಿಮೆಂಟಿನ ಗಟ್ಟಿತನದಷ್ಟೇ ನೀರುಗಂಟಿಯ ಸಂಬಳವೂ ಹೌದು.

ಕಳೆದ ತಿಂಗಳು ಸಮಿತಿಯ ಸಭೆ ಕರೆದಾಗ ಅಮ್ಮ ಹೋದಳು. ಮೊದಲ ಸಲ. ನಾನು ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದೆ. ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ ಒಂದೇ ಪ್ರಶ್ನೆ ಕೇಳಿದಳಂತೆ: "ಸ್ವಾಮಿ, ಕೆಟ್ಟರೆ ಯಾರಿಗೆ ಹೇಳ್ಬೇಕು? ಹೇಳಿದ ಮೇಲೆ ಎಷ್ಟು ದಿನ ಕಾಯ್ಬೇಕು?" ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಮಾರನೇ ವಾರ ಮೆಂಬ್ರೇನ್ ದರಪಟ್ಟಿ ತರಿಸಲು ನಿರ್ಣಯವಾಯಿತು. ಟ್ಯಾಂಕಿನ ಗೋಡೆಯ ಮೇಲೆ ಒಂದು ಫೋನ್ ನಂಬರ್ ಬರೆಸಿದ್ದಾರೆ. ನಮ್ಮ ಮನೆಯ ಬಾಕಿಯಲ್ಲಿ ಒಂದು ವರ್ಷದ್ದನ್ನು ಅಪ್ಪ ಗೊಣಗುತ್ತಲೇ ಕಟ್ಟಿ ಬಂದರು.

ಘಟಕದ ಬೀಗ ಇನ್ನೂ ತೆಗೆದಿಲ್ಲ. ತೆಗೆಯುತ್ತಾರೆ ಎಂದು ಖಚಿತವಾಗಿ ಹೇಳಲೂ ಆರೆ. ಆದರೆ ನನ್ನ ನೋಟ್ಸಿನಲ್ಲಿ ಪ್ರತಿ ಯೋಜನೆಯ ಮುಂದೆ ಐದನೇ ಕಾಲಂ ಗೀಟು ಹಾಕಿದ್ದೇನೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಸಿಗಲಿಕ್ಕಿಲ್ಲ. ಹುದ್ದೆ ಸಿಕ್ಕರೆ ಯಾವುದೋ ಊರಿನ ಪಂಚಾಯಿತಿಯಲ್ಲಿ ಕುರ್ಚಿಯ ಈ ಕಡೆ ನಾನಿರುತ್ತೇನೆ, ಆ ಕಡೆ ಇನ್ಯಾರದೋ ಅಮ್ಮ ನಿಂತಿರುತ್ತಾರೆ. ಅವತ್ತು ಹೇಳಲು ಉತ್ತರ ಬೇಕಲ್ಲ, ಅದಕ್ಕೆ.